ಬೀಗಿತ್ತಿಯ ಆಲ್ಬಂಗಳು: ಕಾಸರಗೋಡಿನ ಫೋಟೋ ದುರಸ್ತಿ ಅಂಗಡಿಯೊಂದರ ಕೆಲಸದ ಬಗ್ಗೆ

ಕಾಸರಗೋಡಿನ ಹಳೆಯ ಬಸ್ ನಿಲ್ದಾಣದಿಂದ ಬ್ಯಾಂಕ್ ರೋಡಿನ ಕಡೆಗೆ ಹೋಗುವ ದಾರಿಯಲ್ಲಿ, ಕಟ್ಟಡವೊಂದರ ಮಹಡಿಯ ಮೇಲೆ, ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ, ದುರಸ್ತಿಗೊಳಿಸಿ, ಬೇಕೆಂದವರಿಗೆ ಅವುಗಳನ್ನೇ ಜೋಡಿಸಿ ಮನೆತನದ ಪುಸ್ತಕವಾಗಿ ಮುದ್ರಿಸಿಕೊಡುವ ಒಂದು ಚಿಕ್ಕ ಅಂಗಡಿಯಿದೆ. ಮದುವೆಯ ಕರೆಯೋಲೆ, ಬ್ರಹ್ಮಕಲಶೋತ್ಸವದ ಸ್ಮರಣ ಸಂಚಿಕೆ, ಬಯಲಾಟದ ಕರಪತ್ರಗಳೇ ಅವರ ದಿನನಿತ್ಯದ ಸಂಪಾದನೆ; ಫೋಟೋ ಕೆಲಸ ಅದರ ನಡುವೆ ಬಿಡುವು ಮಾಡಿಕೊಂಡು ನಡೆಯುವಂಥದ್ದು. ಈಗಿರುವ ಕೆಲಸವೇ ಕೈಮೀರಿರುವುದರಿಂದ ಅಂಗಡಿಯ ಹೆಸರನ್ನು ಬರೆಯುವುದು ಬೇಡವೆಂದು ಯಜಮಾನರು ಕೇಳಿಕೊಂಡಿದ್ದಾರೆ. ಆ ಮಾತನ್ನು ಗೌರವಿಸುತ್ತಲೇ, ಅವರು ನಮ್ಮ ಕುಟುಂಬಕ್ಕೆ ಮಾಡಿಕೊಟ್ಟ ಕೆಲಸವನ್ನು ವಿವರವಾಗಿ ದಾಖಲಿಸಬೇಕೆಂದು ನನಗೆ ಅನ್ನಿಸಿದೆ. ಇಂಥ ಕೆಲಸದ ಗುಣವನ್ನು ಹೇಗೆ ಅಳೆಯಬೇಕು ಎಂಬುದನ್ನು ನಾನು ಅಲ್ಲಿಯೇ ಕಲಿತೆ.

ಅಲ್ಲಿ ಮಾಡಿಸಿದ್ದು ನನ್ನ ಮಗಳ ಅತ್ತೆಯವರ, ಅಂದರೆ ನಮ್ಮ ಬೀಗಿತ್ತಿಯವರ, ಬದುಕಿನ ಪುಸ್ತಕ. ಅವರು ಹುಟ್ಟಿದ್ದು ಫಿಲಿಪ್ಪೀನ್ಸಿನ ಕವಿಟೆ ಪ್ರಾಂತ್ಯದಲ್ಲಿ. ಸೈನಿಕನೊಬ್ಬನ ಮಗಳಾಗಿ ಬೆಳೆದು, ಅಮೆರಿಕದ ನೌಕಾಪಡೆಯ ಕೆಲಸದಲ್ಲಿದ್ದವರನ್ನು ಮದುವೆಯಾಗಿ, ಕ್ಯಾಲಿಫೋರ್ನಿಯದ ಸ್ಯಾನ್ ಡಿಯೇಗೊಗೆ ಅಂಟಿಕೊಂಡಿರುವ ನ್ಯಾಷನಲ್ ಸಿಟಿಯಲ್ಲಿ ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಸಂಸಾರ ನಡೆಸಿದವರು. ಹಿರಿಯ ಮಗಳು ಕೂಡ ನೌಕಾಪಡೆಗೆ ಸೇರಿದವಳು. ಕಿರಿಯ ಮಗ ನಮ್ಮ ಅಳಿಯ. ಕಳೆದ ಚಳಿಗಾಲದಲ್ಲಿ ಮಗಳು ಮತ್ತು ಅಳಿಯನೊಂದಿಗೆ ನಮ್ಮ ಮನೆಗೆ ಬಂದಾಗ ಅವರು ಸೀರೆ, ಉಡುಗೊರೆಗಳಿಗಿಂತ ಹೆಚ್ಚು ಜೋಪಾನವಾಗಿ ಹೊತ್ತು ತಂದಿದ್ದು ತಮ್ಮ ಆಲ್ಬಂಗಳನ್ನು, ಸ್ಲೈಡುಗಳ ಒಂದು ಡಬ್ಬಿಯನ್ನು ಮತ್ತು ಕೆಲವು ಕ್ಯಾಸೆಟ್ಟುಗಳನ್ನು. ಅವರಿದ್ದಲ್ಲಿ ಇಂಥ ಕೆಲಸಕ್ಕೆ ತಗಲುವ ವೆಚ್ಚ ಬಹಳ. ಅದಕ್ಕಿಂತ ಮುಖ್ಯವಾಗಿ, ಕೆಲಸ ಮಾಡುವವರ ಪಕ್ಕದಲ್ಲಿ ತಾವು ಕುಳಿತು ಪ್ರತಿಯೊಂದು ಚಿತ್ರದ ಬಗ್ಗೆ ಹೇಳಬೇಕೆಂಬುದು ಅವರ ಆಸೆಯಾಗಿತ್ತು.

ಆ ಆಲ್ಬಂಗಳಲ್ಲಿ ಏನಿತ್ತು ಎಂಬುದು ಅರ್ಥವಾಗಬೇಕಾದರೆ ಸ್ವಲ್ಪ ಹಿನ್ನೆಲೆ ಬೇಕು. ಅಮೆರಿಕ ಮತ್ತು ಫಿಲಿಪ್ಪೀನ್ಸಿನ ನಡುವೆ 1947ರಲ್ಲಿ ಆದ ಸೇನಾ ನೆಲೆಗಳ ಒಪ್ಪಂದದ ಪ್ರಕಾರ, ಅಮೆರಿಕದ ಪೌರತ್ವವಿಲ್ಲದ ಫಿಲಿಪಿನೋ ಯುವಕರನ್ನೂ ಅಮೆರಿಕದ ನೌಕಾಪಡೆಗೆ ಸೇರಿಸಿಕೊಳ್ಳಲು ಅವಕಾಶವಿತ್ತು. ಆದರೆ 1970ರ ದಶಕದ ಆರಂಭದವರೆಗೂ ಅವರಿಗೆ ತೆರೆದಿದ್ದ ಬಾಗಿಲು ಬಹುಪಾಲು ಒಂದೇ, ಸ್ಟೀವರ್ಡ್ ಕೆಲಸ: ಅಧಿಕಾರಿಗಳಿಗೆ ಅಡುಗೆ ಮಾಡಿ ಬಡಿಸುವುದು, ಅವರ ಬಟ್ಟೆ ಇಸ್ತ್ರಿ ಮಾಡುವುದು, ಬೂಟಿಗೆ ಪಾಲಿಶ್ ಹಾಕುವುದು, ಕೋಣೆ ಗುಡಿಸುವುದು. 1970ರ ಹೊತ್ತಿಗೆ ಅಮೆರಿಕದ ನೌಕಾಪಡೆಯಲ್ಲಿದ್ದ ಫಿಲಿಪಿನೋಗಳ ಸಂಖ್ಯೆ 14,000ವನ್ನು ದಾಟಿ, ಅವರ ಸ್ವಂತ ದೇಶದ ನೌಕಾಪಡೆಯ ಸಂಖ್ಯೆಯನ್ನೇ ಮೀರಿತ್ತು. 1992ರಲ್ಲಿ ಸೂಬಿಕ್ ಕೊಲ್ಲಿಯ ನೆಲೆ ಮುಚ್ಚುವುದರೊಂದಿಗೆ ನಿಂತುಹೋದ ಈ ನೇಮಕಾತಿಯಿಂದ ಸುಮಾರು 35,000 ಯುವಕರು ಆ ಪಡೆಯನ್ನು ಸೇರಿದ್ದರು. ನಮ್ಮ ಬೀಗರು ಅವರಲ್ಲೊಬ್ಬರು. 1968ರಲ್ಲಿ ಕವಿಟೆಯ ಸ್ಯಾಂಗ್ಲಿ ಪಾಯಿಂಟ್ ನೆಲೆಯಲ್ಲಿ ಭರ್ತಿಯಾದವರು. ಇಂಥ ಕುಟುಂಬಗಳು ಬೇರೂರಿದ ಊರುಗಳೆಂದರೆ ಸ್ಯಾನ್ ಡಿಯೇಗೊ, ವಲೇಹೊ, ವರ್ಜೀನಿಯಾ ಬೀಚ್, ಬ್ರೆಮರ್ಟನ್. ಎಲ್ಲವೂ ಹಡಗುಗಳು ಬಂದು ನಿಲ್ಲುವ ಊರುಗಳು.

ಬೀಗಿತ್ತಿಯವರ ತಂದೆಯ ಕಥೆ ಇನ್ನೂ ಹಿಂದಿನದು. 1941ರ ಜುಲೈ 26ರಂದು ಅಧ್ಯಕ್ಷ ರೂಸ್‌ವೆಲ್ಟರು ಫಿಲಿಪ್ಪೀನ್ಸಿನ ಸೈನ್ಯವನ್ನು ಅಮೆರಿಕದ ಸೇವೆಗೆ ಕರೆದಾಗ ಸಮವಸ್ತ್ರ ತೊಟ್ಟವರು. 1942ರ ಏಪ್ರಿಲ್ 9ರಂದು ಬಟಾನ್ ಪರ್ಯಾಯ ದ್ವೀಪದ ಸೈನ್ಯ ಜಪಾನೀಯರಿಗೆ ಶರಣಾದ ಮೇಲೆ, ಯುದ್ಧಕೈದಿಯಾಗಿ ಮರಿವೇಲೆಸ್‌ನಿಂದ ಸ್ಯಾನ್ ಫೆರ್ನಾಂಡೊವರೆಗೆ ಸುಮಾರು 100 ಕಿಲೋಮೀಟರು ನಡೆಸಲ್ಪಟ್ಟು ಬದುಕಿ ಉಳಿದವರು. ಎರಡನೆಯ ಮಹಾಯುದ್ಧ ಮುಗಿದು ಒಂದು ವರ್ಷವೂ ತುಂಬುವ ಮೊದಲು, 1946ರ ಫೆಬ್ರವರಿಯಲ್ಲಿ, ಅಮೆರಿಕದ ಸಂಸತ್ತು ಅವರ ಸೇವೆಯನ್ನು ತನ್ನ ಸೇನಾಸೇವೆಯೆಂದು ಪರಿಗಣಿಸಲಾಗದೆಂದು ಕಾನೂನು ಮಾಡಿತು. 2009ರಲ್ಲಿ, ಬದುಕಿದ್ದ ಯೋಧರಿಗೆ, ಅಮೆರಿಕದ ಪೌರರಾಗಿದ್ದರೆ 15,000 ಡಾಲರ್, ಆಗಿರದಿದ್ದರೆ 9,000 ಡಾಲರ್ ಒಂದೇ ಕಂತಿನಲ್ಲಿ ಕೊಡುವುದೆಂದು ತೀರ್ಮಾನವಾಗುವಾಗ ಆ ತಂದೆ ತೀರಿಕೊಂಡು ಬಹಳ ಕಾಲವಾಗಿತ್ತು. 2016ರ ಕಾನೂನಿನಂತೆ ಆ ಸೈನಿಕರಿಗೆಲ್ಲ ಒಟ್ಟಾಗಿ ಸಂಸತ್ತಿನ ಚಿನ್ನದ ಪದಕ ಸಂದಿತು. ಅದರ ಕಂಚಿನ ಪ್ರತಿಯೊಂದನ್ನು ತಂದೆಯ ಪರವಾಗಿ ಪಡೆದವರು ನಮ್ಮ ಬೀಗಿತ್ತಿ. ಆ ದಿನದ ಫೋಟೋ ಆಲ್ಬಮಿನ ಕೊನೆಯ ಹಾಳೆಗಳಲ್ಲಿದೆ.

ಈಗ ಅಂಗಡಿಯ ಕೆಲಸಕ್ಕೆ ಬರುತ್ತೇನೆ. ಮೊದಲ ತೊಡಕು ಆಲ್ಬಂಗಳದ್ದೇ. 1970 ಮತ್ತು 80ರ ದಶಕಗಳಲ್ಲಿ ಬಳಕೆಯಲ್ಲಿದ್ದ, ಅಂಟು ಬಳಿದ ರಟ್ಟಿನ ಮೇಲೆ ಫೋಟೋ ಇಟ್ಟು ಪ್ಲಾಸ್ಟಿಕ್ ಹಾಳೆ ಎಳೆದು ಮುಚ್ಚುವ ಆಲ್ಬಂಗಳು ನಮ್ಮ ಮನೆಗಳಲ್ಲಿಯೂ ಇವೆ. ಆ ಅಂಟು ವರ್ಷಗಳು ಕಳೆದಂತೆ ಹಳದಿಯಾಗಿ ಗಟ್ಟಿಯಾಗುತ್ತದೆ, ಫೋಟೋ ರಟ್ಟಿಗೆ ಬೆಸೆದುಕೊಳ್ಳುತ್ತದೆ, ಎಳೆದರೆ ಹರಿಯುತ್ತದೆ. ಅಂಗಡಿಯ ಹುಡುಗಿ, ಮೇಣ ಹಚ್ಚದ ತೆಳ್ಳನೆಯ ನೂಲನ್ನು ಫೋಟೋ ಮತ್ತು ರಟ್ಟಿನ ನಡುವೆ ತೂರಿಸಿ, ಗರಗಸ ಆಡಿಸಿದಂತೆ ನಿಧಾನವಾಗಿ ಅತ್ತಿತ್ತ ಎಳೆದು ಒಂದೊಂದನ್ನಾಗಿ ಬಿಡಿಸಿದಳು. ಯಾವುದು ಏಳುವುದಿಲ್ಲವೆಂದು ಕಂಡಿತೋ ಅದನ್ನು ಬಲವಂತ ಮಾಡದೆ, ಹಾಳೆಯ ಸಮೇತ ಸ್ಕ್ಯಾನ್ ಮಾಡಿದಳು. ಬಿಸಿಗಾಳಿ ಊದಿ ಅಂಟು ಕರಗಿಸುವ ಅಂಗಡಿಗಳೂ ಇವೆಯೆಂದು ಕೇಳಿದ್ದೇನೆ. ಇಲ್ಲಿ ಆ ಅವಸರ ಕಾಣಲಿಲ್ಲ.

ಎರಡನೆಯದಾಗಿ, ಪ್ರತಿಯೊಂದು ಫೋಟೋದ ಹಿಂಬದಿಯನ್ನೂ ಅವರು ಸ್ಕ್ಯಾನ್ ಮಾಡುತ್ತಾರೆ, ಅದಕ್ಕೆ ಬೇರೆ ಹಣ ಕೇಳುವುದಿಲ್ಲ. ಇದು ನನಗೆ ಅತ್ಯಂತ ಮೆಚ್ಚುಗೆಯಾದ ಪದ್ಧತಿ. ಗಂಡನಿಗೆ ಕಳುಹಿಸಲೆಂದು ತೆಗೆಸಿದ ಮಕ್ಕಳ ಚಿತ್ರಗಳ ಹಿಂಬದಿಯಲ್ಲಿ ಬೀಗಿತ್ತಿಯವರು ಪೆನ್ಸಿಲಿನಲ್ಲಿ ಮಗುವಿನ ತೂಕ, ಹುಟ್ಟಿದ ಹಲ್ಲುಗಳು, ಮನೆ ಬಾಡಿಗೆ ಕಟ್ಟಿದ ದಿನ, ಊರಿಗೆ ಕಳುಹಿಸಿದ ಹಣ ಎಲ್ಲವನ್ನೂ ಬರೆದಿದ್ದರು. ಆ ಚಿತ್ರಗಳು ಹಡಗಿಗೆ ಹೋಗಿ, ಗಂಡನ ಪೆಟ್ಟಿಗೆಯಲ್ಲಿದ್ದು, ಅವರೊಂದಿಗೆ ಮನೆಗೆ ಮರಳಿದಂಥವು. ಮುಂಬದಿಯನ್ನು ಮಾತ್ರ ಸ್ಕ್ಯಾನ್ ಮಾಡಿದ್ದರೆ ಮಗುವಿನ ಮುಖವೊಂದು ಸಿಗುತ್ತಿತ್ತು. ಮನೆಯನ್ನು ಒಬ್ಬಳೇ ನಡೆಸುತ್ತಿದ್ದ ಹೆಂಗಸಿನ ಲೆಕ್ಕಪತ್ರ ಕಳೆದುಹೋಗುತ್ತಿತ್ತು.

ಸ್ಕ್ಯಾನಿನ ಗುಣಮಟ್ಟದಲ್ಲಿ ನನಗೆ ದೂರಿಲ್ಲ. ಮುದ್ರಿತ ಫೋಟೋಗಳನ್ನು 600 ಡಿಪಿಐಯಲ್ಲಿ, ತಂದೆಯವರ ಬೆರಳುದ್ದದ ಚಿತ್ರದಂಥ ಸಣ್ಣವನ್ನು ಅದರ ದುಪ್ಪಟ್ಟಿನಲ್ಲಿ ಮಾಡಿ, ಮೂಲವನ್ನು ಟಿಫ್ ಫೈಲಾಗಿಯೂ ಮೊಬೈಲಿನಲ್ಲಿ ಕಳುಹಿಸಲು ಬೇಕಾದುದನ್ನು ಜೆಪೆಗ್ ಆಗಿಯೂ ಪೆನ್ ಡ್ರೈವಿನಲ್ಲಿ ತುಂಬಿಸಿ ಕೊಟ್ಟಿದ್ದಾರೆ. ಕೆಂಪಾದ ಬಣ್ಣದ ಫೋಟೋಗಳ ವಿಷಯದಲ್ಲಿ ಅವರ ತಿಳಿವಳಿಕೆ ನಿಜಕ್ಕೂ ಆಳವಾದದ್ದು. ಆ ಕಾಲದ ಬಣ್ಣದ ಮುದ್ರಣಗಳಲ್ಲಿ ನೀಲಿಹಸಿರು ಪದರ ಉಳಿದವುಗಳಿಗಿಂತ ಬೇಗ ಮಾಸುವುದರಿಂದ, ಕತ್ತಲಲ್ಲಿ ಮುಚ್ಚಿಟ್ಟ ಆಲ್ಬಮಿನಲ್ಲಿಯೂ ಇಡೀ ಚಿತ್ರ ಕೆಂಪಡರುತ್ತದೆ. ಕಂಪ್ಯೂಟರಿನ ಒಂದು ಗುಂಡಿ ಒತ್ತಿ ಸರಿಪಡಿಸಿದರೆ ಗೋಡೆಯ ಬಣ್ಣ ಸರಿಹೋಗಿ ಮನುಷ್ಯರ ಮೈಬಣ್ಣ ಬೂದಿಯಾಗುತ್ತದೆ. ಯಜಮಾನರು ಬೀಗಿತ್ತಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಅಮ್ಮಾ, ನಿಮ್ಮ ಅಡುಗೆಮನೆಯ ಪರದೆ ಯಾವ ಬಣ್ಣದ್ದು?" ಎಂದು ಮಗಳ ಮೂಲಕ ಕೇಳಿ, ಅವರು ನೆನಪಿಸಿಕೊಂಡು ಹೇಳಿದ ಬಣ್ಣಕ್ಕೆ ಸರಿಯಾಗಿ ಪದರಗಳನ್ನು ಹೊಂದಿಸಿದರು. ಇದಕ್ಕೆ ವ್ಯತಿರಿಕ್ತವಾಗಿ, ಬೀಗರು ಹಡಗಿನಿಂದ ತೆಗೆದ ಕೊಡಾಕ್ರೋಮ್ ಸ್ಲೈಡುಗಳು ಐದು ದಶಕಗಳ ನಂತರವೂ ನಿನ್ನೆ ತೆಗೆದಂತೆ ಬಣ್ಣಬಣ್ಣವಾಗಿದ್ದವು. ಕತ್ತಲಲ್ಲಿಟ್ಟರೆ ಬಣ್ಣ ಕಾಯ್ದುಕೊಳ್ಳುವುದು ಆ ಫಿಲ್ಮಿನ ಗುಣ. ಹೀಗಾಗಿ ಗಂಡ ಕಂಡ ಜಪಾನಿನ ಯೊಕೊಸುಕಾ ಬಂದರು, ಸೂಬಿಕ್ಕಿನ ಸಂಜೆಗಳೆಲ್ಲ ಉಜ್ವಲವಾಗಿ ಉಳಿದಿದ್ದರೆ, ಹೆಂಡತಿ ಮಕ್ಕಳೊಂದಿಗೆ ಕಳೆದ ದಿನಗಳು ಅಗ್ಗದ ಮುದ್ರಣದಲ್ಲಿ ಕೆಂಪಾಗಿ ಮಾಸಿದ್ದವು. ದುರಸ್ತಿಯ ಹೆಚ್ಚಿನ ಹಣ ಖರ್ಚಾದದ್ದು ಈ ಎರಡನೆಯ ರಾಶಿಗೆ. ಅದಕ್ಕೆ ನನಗೆ ಸ್ವಲ್ಪವೂ ಬೇಸರವಿಲ್ಲ.

ತಂದೆಯವರ ಚಿತ್ರದ ವಿಷಯದಲ್ಲಿ ಅಂಗಡಿಯವರು ತೋರಿದ ಸಂಯಮವನ್ನು ವಿಶೇಷವಾಗಿ ಹೇಳಬೇಕು. ಅದು ಮಡಿಕೆ ಬಿದ್ದು, ಮಡಿಕೆಯ ಗೆರೆಯಲ್ಲಿ ಮುಖದ ಎಡಭಾಗ ಮತ್ತು ಕೊರಳಪಟ್ಟಿ ಸವೆದುಹೋಗಿದ್ದ ಚಿತ್ರ. ಈಗ ಬಂದಿರುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಿಗೆ ಅದನ್ನು ಕೊಟ್ಟರೆ ಕ್ಷಣದಲ್ಲಿ ಕಣ್ಣು, ಹುಬ್ಬು, ನಯವಾದ ಕೆನ್ನೆ ಎಲ್ಲವೂ ಮೂಡಿಬರುತ್ತವೆ. ಯಜಮಾನರು ಅದನ್ನೂ ಮಾಡಿ ತೋರಿಸಿದರು. ಮಾಡಿ ತೋರಿಸಿದ ಮೇಲೆ, "ಟೀಚರೇ, ಇದು ಚಂದ ಉಂಟು, ಆದರೆ ಈ ಕಣ್ಣು ಯಾರದ್ದೆಂದು ನನಗೆ ಗೊತ್ತಿಲ್ಲ" ಎಂದು ನನಗೆ ಹೇಳಿದರು. ಬೀಗಿತ್ತಿಯವರು ಎರಡನ್ನೂ ಬಹಳ ಹೊತ್ತು ನೋಡಿ, ಮಡಿಕೆಯ ಗೆರೆ ಹಾಗೆಯೇ ಉಳಿದಿರುವ ಚಿತ್ರವನ್ನು ಆರಿಸಿಕೊಂಡರು. ಸುತ್ತಲಿನ ಕಲೆ, ಬೂಷ್ಟಿನ ಚುಕ್ಕೆಗಳನ್ನು ತೆಗೆದದ್ದು ಬಿಟ್ಟರೆ ಆ ಮುಖವನ್ನು ಯಾರೂ ಮುಟ್ಟಿಲ್ಲ. ದುಡ್ಡು ಹೆಚ್ಚು ಸಿಗುವ ಕೆಲಸವನ್ನು ಬಿಟ್ಟು ಕಡಿಮೆ ಸಿಗುವುದನ್ನು ಹೀಗೆ ಮುಂದಿಡುವ ಅಂಗಡಿ ಅಪರೂಪವೆಂದು ನಾನು ನಂಬುತ್ತೇನೆ.

ಪುಸ್ತಕದ ಜೋಡಣೆಯಲ್ಲಿ ಮಾತ್ರ ಮೊದಲ ಕರಡು ನಮಗೆ ಸರಿಬರಲಿಲ್ಲ. ಅಂಗಡಿಯವರು ಸಿದ್ಧಪಡಿಸಿದ್ದ ಪರಿವಿಡಿಯಲ್ಲಿ ಅಧ್ಯಾಯಗಳು ಬೀಗರು ದುಡಿದ ಹಡಗುಗಳ ಪ್ರಕಾರ ಇದ್ದವು. ಹಾಗೆ ಮಾಡಿದ್ದಕ್ಕೆ ಕಾರಣವೂ ಇತ್ತು: ಸೇನೆಯ ಕುಟುಂಬದಲ್ಲಿ ದಿನಾಂಕ ಸಮೇತ ಸಿಗುವ ದಾಖಲೆಗಳೆಲ್ಲ ಗಂಡಸಿನವೇ. ಭರ್ತಿಯ ಪತ್ರ, ವರ್ಗಾವಣೆಯ ಆದೇಶ, ಬಡ್ತಿ, ಪದಕ, ನಿವೃತ್ತಿಯ ದಿನ ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಿಕೊಟ್ಟ ಲಾಂಛನಗಳು, ಎಲ್ಲವೂ ಕ್ರಮವಾಗಿ ಇವೆ. ಹೆಂಡತಿಯ ಹೆಸರು ಆ ಕಾಗದಗಳಲ್ಲಿ ಬರುವುದು ಅವಲಂಬಿತಳೆಂದು ಮಾತ್ರ. ನಿವೃತ್ತಿಯ ಸಮಾರಂಭದಲ್ಲಿ ಪತ್ನಿಗೂ ಒಂದು ಕೃತಜ್ಞತಾ ಪತ್ರ ಕೊಡುವ ಸಂಪ್ರದಾಯ ಅಲ್ಲಿದೆ; ಇಪ್ಪತ್ತು ವರ್ಷಗಳ ಕಾಗದಪತ್ರಗಳಲ್ಲಿ ಅವರ ಹೆಸರನ್ನೇ ಮುಖ್ಯವಾಗಿ ಹೊತ್ತ ಹಾಳೆ ಅದೊಂದೇ.

ಕರಡನ್ನು ನೋಡಿದ ಬೀಗಿತ್ತಿಯವರು ಕೋಪಗೊಳ್ಳಲಿಲ್ಲ. ಆ ಹಡಗುಗಳಲ್ಲಿ ತಾವು ಒಂದು ದಿನವೂ ಬಾಳಿಲ್ಲವೆಂದೂ, ತಾವು ಬಾಳಿದ್ದು ಮನೆಗಳಲ್ಲೆಂದೂ, ಆದ್ದರಿಂದ ಪುಸ್ತಕ ಮನೆಗಳ ಪ್ರಕಾರ ಇರಲೆಂದೂ ಹೇಳಿದರು. ಕವಿಟೆಯ ತಾಯಿಮನೆ; ನೌಕಾಪಡೆಯವರು ಕುಟುಂಬಗಳಿಗೆ ಕೊಟ್ಟ ವಸತಿ; ಮೂರು ಸಂಸಾರಗಳು ಒಟ್ಟಿಗೆ ಬಾಡಿಗೆಗಿದ್ದ ಮನೆ; ಕೊನೆಗೆ ಸಾಲ ಮಾಡಿ ಕೊಂಡ ಸ್ವಂತ ಮನೆ. ಅಂಗಡಿಯ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮಲ್ಲಿಗೆ ಬರುವ ಆಲ್ಬಂಗಳಲ್ಲಿ ಅರ್ಧದಷ್ಟು ಗಲ್ಫಿನಲ್ಲಿ ದುಡಿದವರ ಮನೆಗಳದ್ದೆಂದೂ, ಅವುಗಳಲ್ಲಿಯೂ ದುಬೈಯಲ್ಲಿ ಕಾರಿನ ಮುಂದೆ ನಿಂತ ಗಂಡನ ಫೋಟೋ ಇರುತ್ತದೆಯೇ ಹೊರತು, ಇಲ್ಲಿ ಬಾವಿ ತೋಡಿಸಿ, ಮನೆ ಕಟ್ಟಿಸಿ, ಅತ್ತೆಮಾವಂದಿರನ್ನು ಆಸ್ಪತ್ರೆಗೆ ಕರೆದೊಯ್ದ ಹೆಂಡತಿಯ ಫೋಟೋ ಹುಡುಕಿದರೂ ಸಿಗುವುದಿಲ್ಲವೆಂದೂ ಹೇಳಿದರು. ಕಾಸರಗೋಡಿನವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ತಳಂಗರೆಯಿಂದ ಬದಿಯಡ್ಕದವರೆಗೆ ಯಾವ ಓಣಿಗೆ ಹೋದರೂ ಅಂಥ ಹೆಂಗಸರು ನಮ್ಮ ನಡುವೆಯೇ ಇದ್ದಾರೆ.

ಜೋಡಣೆಯನ್ನು ಬದಲಿಸಿದ ಮೇಲೆ ಪುಸ್ತಕದ ಸ್ವರೂಪವೇ ಬೇರೆಯಾಯಿತು. ಹಡಗುಗಳ ಕ್ರಮದಲ್ಲಿ ಎಲ್ಲಿಯೂ ಜಾಗ ಸಿಗದೆ ಕೊನೆಯಲ್ಲಿ "ಇತರ ಚಿತ್ರಗಳು" ಎಂಬ ತಲೆಬರಹದಡಿ ಗುಂಪಾಗಿದ್ದ ಫೋಟೋಗಳು ಈಗ ನಡುಮನೆಗೆ ಬಂದವು. ಮೇಜಿನ ತುಂಬ ಲುಂಪಿಯಾ ಎಂಬ ಫಿಲಿಪಿನೋ ತಿಂಡಿಯನ್ನು ಸುತ್ತುತ್ತಿರುವ ಅಕ್ಕಪಕ್ಕದ ನಾವಿಕರ ಹೆಂಡಂದಿರು. ಅರ್ಧ ತುಂಬಿದ ದೊಡ್ಡ ರಟ್ಟಿನ ಪೆಟ್ಟಿಗೆ, ಅದರ ಸುತ್ತ ಊರಿಗೆ ಕಳುಹಿಸಬೇಕಾದ ಸಾಬೂನು, ಟವೆಲು, ಮಾಂಸದ ಡಬ್ಬಿಗಳು, ಚಾಕೊಲೇಟುಗಳು. ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಸಮವಸ್ತ್ರದಲ್ಲಿಯೇ ಮಗುವಿಗೆ ತುತ್ತು ಕೊಡುತ್ತಿರುವ ಬೀಗಿತ್ತಿ. ಗಂಡ ಆರು ತಿಂಗಳಿಗೆಂದು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲಕ್ಕೆ, ಹಡಗು ಹತ್ತುವ ಮೊದಲು ಹೆಂಡತಿಯ ಹೆಸರಿಗೆ ಮುಖ್ತಾರನಾಮೆ ಬರೆದುಕೊಟ್ಟು ಹೋಗುತ್ತಿದ್ದರಂತೆ. ಮನೆ ಕೊಳ್ಳುವ ಕರಾರಿಗೆ ಸಹಿ ಹಾಕಿದ್ದು, ಕಾರು ಮಾರಿದ್ದು, ಮಗನ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಟ್ಟದ್ದು ಎಲ್ಲವೂ ಇವರೇ. ಆ ಮುಖ್ತಾರನಾಮೆಯ ಒಂದು ಪ್ರತಿಯನ್ನು ಪುಟದ ತುಂಬ ಮುದ್ರಿಸಬೇಕೆಂದು ಸೂಚಿಸಿದ್ದು ಅಂಗಡಿಯ ಹುಡುಗಿ. ಒಡಹುಟ್ಟಿದವರನ್ನು ಅಮೆರಿಕಕ್ಕೆ ಕರೆಸಿಕೊಳ್ಳಲು ಇವರು ಹಾಕಿದ್ದ ಅರ್ಜಿಯ ರಸೀದಿಯೂ ಅದರ ಎದುರು ಪುಟದಲ್ಲಿದೆ. ಫಿಲಿಪ್ಪೀನ್ಸಿನವರ ಅಂಥ ಅರ್ಜಿಗಳಿಗೆ ಇಪ್ಪತ್ತು ವರ್ಷ ದಾಟಿ ಕಾಯಬೇಕಾಗುತ್ತದೆ. ಇವರ ತಂಗಿ ಹೊರಟು ಬಂದಾಗ, ಅರ್ಜಿ ಹಾಕುವ ದಿನ ತೊಟ್ಟಿಲಲ್ಲಿದ್ದ ಅವಳ ಮಗಳು ಮದುವೆಯ ವಯಸ್ಸಿಗೆ ಬಂದಿದ್ದಳು. ಮಕ್ಕಳು ದೊಡ್ಡವರಾದರೆ ತಾಯಿಯ ಅರ್ಜಿಯ ಜೊತೆ ಬರಲು ಆಗದಿರುವುದರಿಂದ ಆ ಮಗಳು ಊರಿನಲ್ಲಿಯೇ ಉಳಿಯಬೇಕಾಯಿತು. ಇದನ್ನು ಹೇಳುವಾಗ ಮಾತ್ರ ಬೀಗಿತ್ತಿಯವರು ಮಾತು ನಿಲ್ಲಿಸಿದ್ದನ್ನು ನಾನು ಕಂಡೆ.

ಕ್ಯಾಸೆಟ್ಟುಗಳ ಕೆಲಸವೂ ಚೆನ್ನಾಗಿ ಆಗಿದೆ. ದೂರವಾಣಿ ಕರೆ ದುಬಾರಿಯಾಗಿದ್ದ ಕಾಲದಲ್ಲಿ ಊರಿಗೂ ಹಡಗಿಗೂ ಧ್ವನಿ ತುಂಬಿಸಿ ಕಳುಹಿಸಿದ ಟೇಪುಗಳು ಅವು. ಒಳಗಿನ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಚಿಕ್ಕ ಬಟ್ಟೆಯ ತುಂಡು ಹೆಚ್ಚಿನವುಗಳಲ್ಲಿ ಉದುರಿಹೋಗಿತ್ತು. ಹಳೆಯ ಯಕ್ಷಗಾನ ಕ್ಯಾಸೆಟ್ಟುಗಳ ಕವಚಕ್ಕೆ ಟೇಪನ್ನು ವರ್ಗಾಯಿಸಿ, ನಂತರ ಕಂಪ್ಯೂಟರಿಗೆ ಏರಿಸಿದ್ದಾರೆ. ಹಿನ್ನೆಲೆಯ ಸದ್ದನ್ನು ಅತಿಯಾಗಿ ಸೋಸದೆ ಬಿಟ್ಟದ್ದರಿಂದ, ಬೀಗರ ಮಾತಿನ ಹಿಂದೆ ಹಡಗಿನ ಯಂತ್ರದ ಮೊರೆತ, ಬೀಗಿತ್ತಿಯ ಮಾತಿನ ಹಿಂದೆ ಪಾತ್ರೆಗಳ ಸದ್ದು ಹಾಗೆಯೇ ಕೇಳುತ್ತವೆ. ಪುಸ್ತಕದ ಕೊನೆಯಲ್ಲಿ ಒಂದು ಕ್ಯೂಆರ್ ಕೋಡ್ ಹಾಕಿ, ಮೊಬೈಲಿನಲ್ಲಿ ಅವನ್ನು ಕೇಳುವಂತೆ ಮಾಡಿಕೊಟ್ಟಿದ್ದಾರೆ.

ಬರಹದ ಜವಾಬ್ದಾರಿ ನನ್ನದಾಗಿತ್ತು. ಬೀಗಿತ್ತಿಯವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮಗಳು ಬರೆದುಕೊಂಡಳು, ನಾನು ಕನ್ನಡದಲ್ಲಿ ಬರೆದೆ. ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ಇಂಗ್ಲಿಷ್. ಕಾಸರಗೋಡಿನಲ್ಲಿ ಕನ್ನಡ ಅಕ್ಷರಜೋಡಣೆ ಮಾಡಬಲ್ಲವರು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿರುವುದರಿಂದ ಈ ಭಾಗದ ಬಗ್ಗೆ ನನಗೆ ಆತಂಕವಿತ್ತು. 1956ರ ನವೆಂಬರ್ 1ರಿಂದ ಕೇರಳಕ್ಕೆ ಸೇರಿದ ನಮ್ಮ ತಾಲೂಕಿನಲ್ಲಿ ಮಲಯಾಳ ಬಲ್ಲ ಡಿಟಿಪಿಯವರು ಎಲ್ಲೆಡೆ ಸಿಗುತ್ತಾರೆ. ಕನ್ನಡದ ಒತ್ತಕ್ಷರವನ್ನು ಕಣ್ಣಿನಲ್ಲೇ ಗುರುತಿಸಿ ತಿದ್ದುವವರು ವಿರಳ. ಈ ಅಂಗಡಿಯಲ್ಲಿ ಅಂಥವರೊಬ್ಬರಿದ್ದಾರೆ. 'ನುಡಿ' ತಂತ್ರಾಂಶದಲ್ಲಿ ಬರೆದುಕೊಟ್ಟದ್ದನ್ನು ಯೂನಿಕೋಡಿಗೆ ಬದಲಿಸುವಾಗ ಒಡೆದುಹೋಗುವ ಅರ್ಕಾವತ್ತು, ಜಾರುವ ಒತ್ತುಗಳನ್ನೆಲ್ಲ ಅವರು ಸರಿಪಡಿಸಿದ್ದಾರೆ. ಕನ್ನಡದ ಪುಟಗಳಲ್ಲಿ ಹೇಳಿಕೊಳ್ಳುವಂಥ ತಪ್ಪು ನನ್ನ ಕಣ್ಣಿಗೆ ಬಿದ್ದಿಲ್ಲ. ಇಂಗ್ಲಿಷ್ ಪುಟಗಳ ವಿಷಯದಲ್ಲಿ ಹಾಗೆ ಹೇಳಲಾರೆ. ಎರಡನೆಯ ಪ್ರೂಫಿನಲ್ಲಿ ತಿದ್ದಿದ್ದ ಕೆಲವು ಕಾಗುಣಿತದ ತಪ್ಪುಗಳು ಅಚ್ಚಾದ ಪುಸ್ತಕದಲ್ಲಿ ಮತ್ತೆ ಕಾಣಿಸಿಕೊಂಡಿವೆ, ಒಂದು ಕಡೆ ಹಿರಿಯ ಮಗಳ ಹುದ್ದೆ ತಪ್ಪಾಗಿದೆ. ಅವಳು ಗ್ರೇಟ್ ಲೇಕ್ಸ್ ತರಬೇತಿ ಕೇಂದ್ರದಿಂದ ಹೊರಬಂದ ದಿನದ ಚಿತ್ರದ ಕೆಳಗೇ ಈ ತಪ್ಪು ಆಗಿರುವುದು ನನಗೆ ನೋವು ತಂದಿದೆ. ತಂದೆಯ ಪೀಳಿಗೆಗೆ ಸ್ಟೀವರ್ಡ್ ಕೆಲಸದ ಹೊರತು ಬೇರೇನೂ ಸಿಗದಿದ್ದ ಪಡೆಯಲ್ಲಿ ಮಗಳು ತನಗೆ ಬೇಕಾದ ವಿಭಾಗವನ್ನು ತಾನೇ ಆರಿಸಿಕೊಂಡವಳು. ಆ ಹೆಸರು ಸರಿಯಾಗಿಯೇ ಇರಬೇಕಿತ್ತು. ತಿಳಿಸಿದಾಗ ಅಂಗಡಿಯವರು ವಾದಿಸದೆ ಆ ಫಾರ್ಮನ್ನು, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಗುಂಪನ್ನು, ಮತ್ತೆ ಮುದ್ರಿಸಿಕೊಡಲು ಒಪ್ಪಿದ್ದಾರೆ; ಅಮೆರಿಕಕ್ಕೆ ಹೋಗಬೇಕಾದ ಪ್ರತಿಗಳಲ್ಲಿ ಅದು ಈಗಾಗಲೇ ಸರಿಯಾಗಿದೆ.

ಕಾಗದ 130 ಜಿಎಸ್ಎಂ ಮ್ಯಾಟ್ ಆರ್ಟ್ ಪೇಪರ್. ಹೊಳೆಯುವ ಕಾಗದವೇ ಬೇಕೆನ್ನುವವರು ಹೆಚ್ಚು, ಆದರೆ ಹಳೆಯ ಫೋಟೋಗಳಿಗೆ ಮ್ಯಾಟ್ ಒಪ್ಪುತ್ತದೆ, ನಮ್ಮ ಮಳೆಗಾಲದ ತೇವದಲ್ಲಿ ಪುಟಗಳು ಒಂದಕ್ಕೊಂದು ಹಿಡಿಯುವುದೂ ಕಡಿಮೆ. ಬೈಂಡಿಂಗ್ ಹೊಲಿಗೆಯದ್ದು. ಬರೀ ಗಮ್ ಬೈಂಡಿಂಗ್ ಮಾಡಿಸಿದರೆ ಖರ್ಚು ಕಡಿಮೆಯಾಗುತ್ತದೆಂದು ಹೇಳಿದರೂ ನಾನು ಒಪ್ಪಲಿಲ್ಲ, ಈಗ ಪುಸ್ತಕ ಮೇಜಿನ ಮೇಲೆ ಅಂಗಾತ ತೆರೆದು ನಿಲ್ಲುತ್ತದೆ. ರಕ್ಷಾಪುಟದ ಮುದ್ರಣ ಮಾತ್ರ ಕಪ್ಪಾಗಿದೆ. 1971ರ ಮದುವೆಯ ಚಿತ್ರದಲ್ಲಿ ಬೀಗರ ಬಿಳಿ ಸಮವಸ್ತ್ರವೂ, ಚಿಟ್ಟೆಯ ರೆಕ್ಕೆಯಂಥ ತೋಳುಗಳಿರುವ ಬೀಗಿತ್ತಿಯ ಉಡುಪೂ ಸ್ಕ್ರೀನಿನಲ್ಲಿ ಕಂಡಷ್ಟು ಬೆಳಕಾಗಿ ಅಚ್ಚಾಗಿಲ್ಲ. ರಕ್ಷಾಪುಟವನ್ನು ಒಂದು ಹಾಳೆ ಮೊದಲೇ ಅಚ್ಚು ಹಾಕಿಸಿ ನೋಡಿ ಒಪ್ಪಿಗೆ ಕೊಡುವ ವ್ಯವಸ್ಥೆ ಇಲ್ಲಿ ಇನ್ನೂ ಇಲ್ಲ; ಇರಬೇಕು.

ದರದ ವಿಷಯ. ಮುದ್ರಿತ ಫೋಟೋ ಒಂದರ ಸ್ಕ್ಯಾನಿಗೆ 12 ರೂಪಾಯಿ, ಸ್ಲೈಡಿಗೆ 25, ಕ್ಯಾಸೆಟ್ಟಿಗೆ 250. ದುರಸ್ತಿಗೆ ಹಾನಿಯನ್ನು ನೋಡಿ 150ರಿಂದ 800ರವರೆಗೆ ತೆಗೆದುಕೊಳ್ಳುತ್ತಾರೆ, ಯಾವುದಕ್ಕೆ ಎಷ್ಟು ಎಂಬುದನ್ನು ಕೆಲಸ ಶುರುಮಾಡುವ ಮೊದಲೇ ಚೀಟಿಯಲ್ಲಿ ಬರೆದುಕೊಡುತ್ತಾರೆ. ಪುಸ್ತಕದ ಬೆಲೆ ಪುಟ ಮತ್ತು ಪ್ರತಿಗಳ ಸಂಖ್ಯೆಯ ಮೇಲೆ ನಿಂತಿದೆ. ಹತ್ತು ಪ್ರತಿ ಮಾಡಿಸಿದ ನಮಗೆ ಪ್ರತಿಯೊಂದಕ್ಕೆ ಸುಮಾರು 1,400 ರೂಪಾಯಿ ಬಿತ್ತು. ಮಂಗಳೂರಿನಲ್ಲಿ ವಿಚಾರಿಸಿದ ಒಂದೆರಡು ಕಡೆಗಳಿಗಿಂತ ಇದು ಕಡಿಮೆ. ಸಮಯದ ಬಗ್ಗೆ ಹೇಳುವುದಾದರೆ, ಉತ್ಸವಗಳ ಕಾಲದಲ್ಲಿ, ಅಂದರೆ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅವರು ಕೊಟ್ಟ ಗಡುವನ್ನು ನಂಬುವುದು ಕಷ್ಟ. ನಮ್ಮ ಕೆಲಸವೂ ಹೇಳಿದ್ದಕ್ಕಿಂತ ಸಾಕಷ್ಟು ತಡವಾಗಿ, ಬೀಗಿತ್ತಿಯವರು ಹೊರಡುವ ವಾರದಲ್ಲಿ ಕೈಸೇರಿತು. ಕ್ರಿಸ್ಮಸ್ಸಿಗೆ ಬೇಳದ ಶೋಕಮಾತಾ ಇಗರ್ಜಿಯಿಂದ ಬಂದ ಮೇಲೆ ಎಲ್ಲರೂ ಕೂಡಿ ಪುಸ್ತಕ ನೋಡಬೇಕೆಂದು ಅವರು ಬಯಸಿದ್ದರು. ಆಗ ನಮ್ಮ ಕೈಯಲ್ಲಿದ್ದದ್ದು ಪ್ರೂಫಿನ ಹಾಳೆಗಳು ಮಾತ್ರ.

ಇಷ್ಟಾದರೂ ಈ ಅಂಗಡಿಯನ್ನು ನಾನು ಹಿಂಜರಿಯದೆ ಸೂಚಿಸುತ್ತೇನೆ, ಮುಖ್ಯವಾಗಿ ಮನೆಯ ಗಂಡಸರು ಸೈನ್ಯದಲ್ಲಿ, ಹಡಗಿನಲ್ಲಿ, ಗಲ್ಫಿನಲ್ಲಿ ದುಡಿದ ಕುಟುಂಬದವರಿಗೆ. ಹೋಗುವುದಾದರೆ ಮಳೆಗಾಲದಲ್ಲಿ ಹೋಗುವುದು ಒಳ್ಳೆಯದು. ಆಗ ಅವರಿಗೆ ಬಿಡುವಿರುತ್ತದೆ, ಆಲ್ಬಂಗಳನ್ನು ಮಾತ್ರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ಯಬೇಕು. ಅಂಟಿದ ಫೋಟೋಗಳನ್ನು ಮನೆಯಲ್ಲಿ ಕಿತ್ತು ಒಯ್ಯಬೇಡಿ, ಆಲ್ಬಂ ಸಮೇತ ಕೊಡಿ. ಪತ್ರಗಳು, ಹಣ ಕಳುಹಿಸಿದ ರಸೀದಿಗಳು, ಹಳೆಯ ಲೆಕ್ಕದ ಪುಸ್ತಕಗಳು ಇದ್ದರೆ ಅವನ್ನೂ ಒಯ್ಯಿರಿ. ಸಾಧ್ಯವಿದ್ದರೆ ಆಲ್ಬಮಿನ ಒಡತಿಯನ್ನು ಕರೆದುಕೊಂಡು ಹೋಗಿ. ಮಹಡಿಯ ಮೆಟ್ಟಿಲು ಕಡಿದಾಗಿದೆ, ಲಿಫ್ಟ್ ಇಲ್ಲ. ವಯಸ್ಸಾದವರು ಬರುವುದಾದರೆ ಹಿಂದಿನ ದಿನ ತಿಳಿಸಿದರೆ ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ ಕುರ್ಚಿ ಹಾಕಿಸಿ, ಲ್ಯಾಪ್‌ಟಾಪ್ ಅಲ್ಲಿಗೇ ತಂದು ಕುಳಿತು ಕೆಲಸ ಮಾಡುತ್ತಾರೆ. ಇಂಗ್ಲಿಷ್ ಬರಹವಿದ್ದರೆ ಕೊನೆಯ ಪ್ರೂಫನ್ನು ಅಚ್ಚಿಗೆ ಹೋಗುವ ದಿನವೇ ಇನ್ನೊಮ್ಮೆ ನೋಡಲು ಕೇಳಿ, ರಕ್ಷಾಪುಟದ ಒಂದು ಮಾದರಿ ಹಾಳೆಗೂ ಒತ್ತಾಯಿಸಿ. ಭಾನುವಾರ ರಜೆ, ಶುಕ್ರವಾರ ಮಧ್ಯಾಹ್ನ ಎರಡೂವರೆಯವರೆಗೆ ಬಾಗಿಲು ಹಾಕಿರುತ್ತದೆ.